ಒಂದು ವಾರದ ಮನೆ

"ಆಯಿ, ಈ ಸಲ ನೀವು ಬಂದಾಗ ಸಮುದ್ರದ ದಂಡೆಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದೇವೆ. ಒಂದು ವಾರ ಎಲ್ಲರೂ ಅಲ್ಲೇ ಇರೋಣ" ಎಂದು ಬಾಸ್ಟನ್ನಿನಿಂದ ಮಗಳು ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು. ನಾನು ಹುಟ್ಟಿ ಬೆಳೆದದ್ದು ಕುಮಟಾದ ಹತ್ತಿರ, ರಾತ್ರಿ ಅಲೆಯ ಸದ್ದು ಕೇಳುತ್ತಲೇ ನಿದ್ದೆ ಹೋಗುವ ಮನೆಯಲ್ಲಿ. ಮದುವೆಯಾಗಿ ಶಿರಸಿಗೆ ಬಂದ ಮೇಲೆ ಆ ಸದ್ದಿಲ್ಲದೆ ಆರು ತಿಂಗಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅಂಥವಳು ಸಮುದ್ರ ನೋಡಲು ಏಳು ಸಮುದ್ರ ದಾಟಿ ಹೋಗಬೇಕೆ? ಅದೂ ದುಡ್ಡು ಕೊಟ್ಟು?

ದುಡ್ಡಿನ ವಿಚಾರ ಇವರಿಗೆ ನನಗಿಂತ ಹೆಚ್ಚು ಹತ್ತಿತು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. "ವಾರಕ್ಕೆ ಎಷ್ಟಂತೆ?" ಎಂದು ಮಗಳನ್ನು ಮೂರು ಸಲ ಕೇಳಿದರು. ಅವಳು ಮೂರು ಸಲವೂ ಮಾತು ಮರೆಸಿದಳು. ಕೊನೆಗೆ ಅಳಿಯನ ಹತ್ತಿರ ಸುತ್ತುಬಳಸಿ ವಿಚಾರಿಸಿ, ಡಾಲರನ್ನು ರೂಪಾಯಿಗೆ ತಿರುಗಿಸಿ, ಆ ದಿನ ಮಧ್ಯಾಹ್ನ ಊಟ ಸ್ವಲ್ಪ ಕಡಿಮೆ ಮಾಡಿದರು. ಮೊತ್ತವನ್ನು ನನಗೆ ಇವತ್ತಿನವರೆಗೂ ಹೇಳಿಲ್ಲ.

2024ರ ಜೂನ್ ತಿಂಗಳ ಕೊನೆಯಲ್ಲಿ ಹೊರಟೆವು. ನಾವಿಬ್ಬರು, ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗಳು. ಮ್ಯಾಸಚೂಸೆಟ್ಸ್ ರಾಜ್ಯದ ನಕ್ಷೆ ನೋಡಿದರೆ ಅಟ್ಲಾಂಟಿಕ್ ಸಮುದ್ರಕ್ಕೆ ಒಂದು ತೋಳು ಚಾಚಿ, ಮೊಣಕೈ ಮಡಿಸಿ, ಮುಷ್ಟಿ ಮೇಲೆತ್ತಿದ ಹಾಗೆ ಕಾಣುತ್ತದೆ. ಅದೇ ಕೇಪ್ ಕಾಡ್. ಮೊಣಕೈ ದಾಟಿ ಮುಂಗೈಯ ಹತ್ತಿರ ಇರುವ ಊರು ವೆಲ್‌ಫ್ಲೀಟ್. ಹೆದ್ದಾರಿ ಬಿಟ್ಟು ಪೈನ್ ಮರಗಳ ನಡುವೆ ಮರಳಿನ ದಾರಿ ಹಿಡಿದಾಗ ಎರಡೂ ಕಡೆಯ ಟೊಂಗೆಗಳು ಕಾರಿನ ಕಿಟಕಿಗೆ ಉಜ್ಜುತ್ತಿದ್ದವು. ಎದುರಿನಿಂದ ಇನ್ನೊಂದು ಕಾರು ಬಂದರೆ ಒಬ್ಬರು ಹಿಂದೆ ಹೋಗಲೇಬೇಕು. ನಮ್ಮ ಕಡೆಯ ತೋಟದ ಮನೆಗಳ ದಾರಿಯೇ ಸೈ, ಅಡಿಕೆ ಮರ ಮಾತ್ರ ಇಲ್ಲ.

ಮನೆ ಕಂಡಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬಣ್ಣವಿಲ್ಲದ ಬೂದು ಹಲಗೆಗಳು. ಮರದ ಕಂಬಗಳ ಮೇಲೆ ನೆಲದಿಂದ ಎತ್ತರದಲ್ಲಿ ನಿಂತ ಕೆಲವು ಪೆಟ್ಟಿಗೆಗಳು. ಅವುಗಳ ಸುತ್ತ, ಮೇಲೆ, ನಡುವೆ ಚೌಕ ಚೌಕವಾದ ಮರದ ಚೌಕಟ್ಟುಗಳು, ಕಟ್ಟಡಕ್ಕೆ ಸಾರುವೆ ಕಟ್ಟಿ ಬಿಚ್ಚಲು ಮರೆತ ಹಾಗೆ.

"ಇದು ಕಟ್ಟಿ ಮುಗಿದಿದೆಯೋ ಇಲ್ಲವೋ ಮಾರಾಯ್ತಿ?" ಎಂದು ಇವರು ಮೆಲ್ಲಗೆ ಕೇಳಿದರು.

ಮಗಳ ಕಿವಿಗೆ ಬಿತ್ತು. "ಅಪ್ಪ, 1962ರಲ್ಲೇ ಮುಗಿದಿದೆ. ಇದು ಹ್ಯಾಚ್ ಹೌಸ್. ಇದನ್ನು ನೋಡಲೆಂದೇ ವಾಸ್ತುಶಿಲ್ಪ ಕಲಿಯುವವರು ದೂರದಿಂದ ಬರುತ್ತಾರೆ" ಎಂದಳು. ಅವಳು ಕಲಿತದ್ದೂ ಅದನ್ನೇ. ಅವಳ ಸಿಟ್ಟಿಗೆ ಅರ್ಥವಿತ್ತು.

ಒಳಗೆ ಹೋದ ಮೇಲೆ ಇನ್ನೊಂದು ಸೋಜಿಗ. ಅಡಿಗೆಮನೆ, ಕೂರುವ ಕೋಣೆ ಒಂದು ಪೆಟ್ಟಿಗೆಯಲ್ಲಿ. ಮಲಗುವ ಕೋಣೆ ಇನ್ನೊಂದರಲ್ಲಿ. ಮಕ್ಕಳ, ಅತಿಥಿಗಳ ಕೋಣೆಗಳು ಮತ್ತೊಂದರಲ್ಲಿ. ಒಂದರಿಂದ ಒಂದಕ್ಕೆ ಹೋಗಲು ಒಳಗಿನಿಂದ ದಾರಿಯಿಲ್ಲ. ಹಲಗೆ ಹಾಸಿದ ತೆರೆದ ಜಗುಲಿಯ ಮೇಲೆ ಹಾದು ಹೋಗಬೇಕು. ಮಳೆ ಬಂದರೆ ನೆನೆಯಬೇಕು, ಬೆಳದಿಂಗಳಿದ್ದರೆ ಬೆಳದಿಂಗಳಲ್ಲಿ ನಡೆಯಬೇಕು. ಮೊದಲ ರಾತ್ರಿ ಪಾತ್ರೆ ತೊಳೆದಿಟ್ಟು, ದೀಪ ಆರಿಸಿ, ಮಲಗಲು ಹೊರಟವಳು ಆ ಜಗುಲಿಯ ಮೇಲೆ ನಿಂತೇಬಿಟ್ಟೆ. ಕತ್ತಲೆ, ಉಪ್ಪುಗಾಳಿ, ಕೆಳಗೆ ಎಲ್ಲೋ ನೀರಿನ ಸದ್ದು. ನನ್ನ ತವರಿನಲ್ಲೂ ಅಡಿಗೆಮನೆ ಬಾಗಿಲು ಹಾಕಿ, ಅಂಗಳ ದಾಟಿ, ಬಚ್ಚಲುಮನೆಯಲ್ಲಿ ಕಾಲು ತೊಳೆದು, ಜಗುಲಿ ಹತ್ತಿ ಮಲಗುವ ಕೋಣೆಗೆ ಹೋಗಬೇಕಿತ್ತು. ಆಯಿ ದಿನವೂ ಹಾಗೆ ಅಂಗಳ ದಾಟುವಾಗ ಒಂದು ಗಳಿಗೆ ನಿಂತು ಆಕಾಶ ನೋಡುತ್ತಿದ್ದಳು. ನಾಳೆ ಹಪ್ಪಳ ಒಣಗಿಸಬಹುದೋ ಎಂದು ನೋಡುತ್ತಿದ್ದಳು, ಅಷ್ಟೇ. ಆದರೂ ನೋಡುತ್ತಿದ್ದಳು.

ಮನೆಯ ಹೊರಗೋಡೆಗೆ ಬಿಜಾಗರಿ ಹಚ್ಚಿದ ಹಲಗೆಯ ತಟ್ಟಿಗಳಿದ್ದವು. ಎತ್ತಿ ನಿಲ್ಲಿಸಿದರೆ ನೆರಳು, ಇಳಿಸಿ ಮುಚ್ಚಿದರೆ ಮನೆ ಬೀಗ ಹಾಕಿದ ಪೆಟ್ಟಿಗೆ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಜಗುಲಿಗೆ ತೆಂಗಿನ ಗರಿಯ ತಟ್ಟಿ ಕಟ್ಟುವುದಿಲ್ಲವೇ, ಅದೇ ಉಪಾಯ. ಇವರಿಗೆ ಆ ತಟ್ಟಿಗಳು ಬಹಳ ಹಿಡಿಸಿದವು. ಬೆಳಿಗ್ಗೆ ಎತ್ತುವುದು, ಸಂಜೆ ಇಳಿಸುವುದು ತಮ್ಮದೇ ಕೆಲಸವೆಂದು ಹಿಡಿದುಕೊಂಡರು. ಅಳಿಯ ಕೈ ಹಾಕಿದರೆ "ನೀವು ಬಿಡಿ, ನಿಮಗೆ ಗೊತ್ತಾಗುವುದಿಲ್ಲ" ಎನ್ನುತ್ತಿದ್ದರು. ಅಳಿಯನಿಗೆ ಬೇರೆ ಚಿಂತೆಯಿತ್ತು. ಹುಲ್ಲಿನಲ್ಲಿ ನಡೆದು ಬಂದ ಪ್ರತಿಯೊಬ್ಬರ ಕಾಲನ್ನೂ ಪರೀಕ್ಷಿಸುತ್ತಿದ್ದರು. ಆ ಕಡೆ ಉಣುಗು ಬಹಳ, ಕಚ್ಚಿದರೆ ಲೈಮ್ ಎಂಬ ಕಾಯಿಲೆ ಬರುತ್ತದೆ. ಮಂಗನ ಕಾಯಿಲೆಯ ಸೀಮೆಯಿಂದ ಹೋದ ನಮಗೆ ಉಣುಗಿನ ಪಾಠ ಬೇಕಿರಲಿಲ್ಲ. ಆದರೂ ಅಳಿಯನ ಮಾತಿಗೆ ಕಾಲು ತೋರಿಸಿದೆವು.

ಆ ಮನೆಯ ಕಥೆಯನ್ನು ಮಗಳು ದಿನಕ್ಕಿಷ್ಟು ಎಂದು ಹೇಳಿದಳು. ಮೇಜಿನ ಮೇಲೆ ಆ ಸೀಮೆಯ ಮನೆಗಳ ಬಗ್ಗೆ ಬರೆದ ದಪ್ಪನೆಯ ಪುಸ್ತಕವೂ ಇತ್ತು. ಜರ್ಮನಿಯಲ್ಲಿ 1919ರಲ್ಲಿ ಬೌಹೌಸ್ ಎಂಬ ಕಲಾಶಾಲೆ ಶುರುವಾಯಿತು. ಕುರ್ಚಿಯಿಂದ ಹಿಡಿದು ಮನೆಯವರೆಗೆ ಎಲ್ಲವೂ ಸರಳವಾಗಿ, ಕೆಲಸಕ್ಕೆ ಬರುವ ಹಾಗೆ ಇರಬೇಕು, ಅನಾವಶ್ಯಕ ಅಲಂಕಾರ ಬೇಡ ಎಂದು ಅವರ ವಾದ. ನಾಜಿಗಳ ಕಾಟಕ್ಕೆ 1933ರಲ್ಲಿ ಶಾಲೆ ಮುಚ್ಚಿತು. ಅದನ್ನು ಕಟ್ಟಿದ ವಾಲ್ಟರ್ ಗ್ರೋಪಿಯಸ್, ಅಲ್ಲಿ ಕಲಿತು ಕಲಿಸಿದ ಮಾರ್ಸೆಲ್ ಬ್ರಾಯರ್ 1937ರಲ್ಲಿ ಬಾಸ್ಟನ್ ಪಕ್ಕದ ಹಾರ್ವರ್ಡ್‌ಗೆ ಮೇಷ್ಟ್ರಾಗಿ ಬಂದರು. ಉಕ್ಕಿನ ಕೊಳವೆ ಬಾಗಿಸಿ ಕುರ್ಚಿ ಮಾಡಿದ ಪುಣ್ಯಾತ್ಮ ಈ ಬ್ರಾಯರ್. ನಮ್ಮ ಆಸ್ಪತ್ರೆ, ಕಚೇರಿಗಳಲ್ಲಿ ನಾವು ಗಂಟೆಗಟ್ಟಲೆ ಕಾಯುತ್ತಾ ಕೂರುವ ಕೊಳವೆ ಕುರ್ಚಿಗಳಿಗೆ ಅವನೇ ಹಿರಿಯ ಎನ್ನಬಹುದು. ಬೇಸಿಗೆ ರಜೆಗೆ ಈ ಬಳಗ ಕೇಪ್ ಕಾಡಿಗೆ ಬರತೊಡಗಿತು. ಕಾಡು, ಕೆರೆ, ಸಮುದ್ರ ಮೂರೂ ಹತ್ತಿರ, ಜಾಗ ಆಗ ಅಗ್ಗ. ಬ್ರಾಯರ್ 1949ರಲ್ಲಿ ವೆಲ್‌ಫ್ಲೀಟಿನಲ್ಲಿ ತನಗೊಂದು ಮನೆ ಕಟ್ಟಿಕೊಂಡ. ಅವರನ್ನು ನೋಡಿ ಇನ್ನಷ್ಟು ಜನ ಕಟ್ಟಿದರು. ದೊಡ್ಡ ದೊಡ್ಡ ಹೆಸರಿನವರಾದರೂ ಇಲ್ಲಿ ಕಟ್ಟಿದ್ದು ಸಣ್ಣ, ಅಗ್ಗದ ಮನೆಗಳನ್ನು. ಊರಿನ ಮೀನುಗಾರರ ಗುಡಿಸಲು ನೋಡಿ ಕಲಿತದ್ದೂ ಉಂಟಂತೆ.

ನಾವಿದ್ದ ಮನೆಯನ್ನು ಕಟ್ಟಿದ ಜಾಕ್ ಹಾಲ್ ವಾಸ್ತುಶಿಲ್ಪದಲ್ಲಿ ಪದವಿ ಪಡೆದವನಲ್ಲ, ಮಾಡುತ್ತ ಮಾಡುತ್ತ ಕಲಿತವನು. ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ರಾಬರ್ಟ್ ಹ್ಯಾಚ್, ಚಿತ್ರ ಬರೆಯುತ್ತಿದ್ದ ಅವನ ಹೆಂಡತಿ ರೂತ್, ಇವರಿಗಾಗಿ ಕಟ್ಟಿದ್ದು.

ಈಗ ಕೇಳಿ, ಇಲ್ಲೊಂದು ಕಾನೂನಿನ ಕಥೆಯಿದೆ. 1961ರಲ್ಲಿ ಅಧ್ಯಕ್ಷ ಕೆನಡಿಯವರು ಸಹಿ ಹಾಕಿ, ಅಲ್ಲಿನ ಸುಮಾರು 40 ಮೈಲಿ ಕಡಲ ಕರೆಯನ್ನು ರಾಷ್ಟ್ರೀಯ ಉದ್ಯಾನದ ಹಾಗೆ ಕಾಯ್ದಿಟ್ಟರು. ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಹೋಟೆಲುಗಳ ಸಾಲೇ ಎದ್ದಿರುತ್ತಿತ್ತು. ಆದರೆ 1959ರ ಸೆಪ್ಟೆಂಬರ್ 1ಕ್ಕಿಂತ ಈಚೆಗೆ ಕಟ್ಟಿದ ಮನೆಗಳು ಸರಕಾರಕ್ಕೆ ಸೇರಬೇಕು ಎಂದಾಯಿತು. ಕಟ್ಟಿಸಿದವರಿಗೆ ಕೆಲವು ವರ್ಷ ಇರಲು ಬಿಟ್ಟು, ಅವಧಿ ಮುಗಿದ ಮೇಲೆ ವಶಕ್ಕೆ ತೆಗೆದುಕೊಂಡರು. ತೆಗೆದುಕೊಂಡ ಮೇಲೆ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಮನೆಗಳು ಬಾಗಿಲು ಹಾಕಿಕೊಂಡು ನಿಂತವು. ಮಾಡು ಸೋರಿತು, ಹಲಗೆ ಕೊಳೆಯಿತು, ಇಲಿ ಸೇರಿದವು. ಕೆಲವನ್ನು ಕೆಡವುವುದೆಂದೂ ಆಗಿತ್ತು. 2007ರಲ್ಲಿ ಪೀಟರ್ ಮೆಕ್‌ಮಹಾನ್ ಎಂಬ ವಾಸ್ತುಶಿಲ್ಪಿ ಒಂದು ಟ್ರಸ್ಟ್ ಕಟ್ಟಿ, ಸರಕಾರದಿಂದ ಈ ಮನೆಗಳನ್ನು ಗುತ್ತಿಗೆಗೆ ಪಡೆದು ಒಂದೊಂದಾಗಿ ರಿಪೇರಿ ಮಾಡಿಸಿದರು. ಹೀಗೆ ನಾಲ್ಕು ಮನೆ ಉಳಿದವು. ಬೇಸಿಗೆಯಲ್ಲಿ ಅವನ್ನು ನಮ್ಮಂಥ ಸಂಸಾರಸ್ಥರಿಗೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಆ ದುಡ್ಡಿನಲ್ಲಿ ಮಾಡು, ಗೋಡೆ, ನಲ್ಲಿ ಎಲ್ಲದರ ಆರೈಕೆ. ಜನ ಕಡಿಮೆ ಇರುವ ದಿನಗಳಲ್ಲಿ ಚಿತ್ರ ಬರೆಯುವವರು, ಪುಸ್ತಕ ಬರೆಯುವವರು, ಸಂಶೋಧನೆ ಮಾಡುವವರು ಬಂದು ಏಕಾಂತದಲ್ಲಿ ಕೆಲಸ ಮಾಡಲು ಬಿಟ್ಟುಕೊಡುತ್ತಾರೆ. ನಾವು ಹಿಂದೆ ಬಂದ ಮೇಲೆ ಮಗಳು ತಿಳಿಸಿದಳು, ಬ್ರಾಯರ್‌ನ ಸ್ವಂತ ಮನೆಯನ್ನೂ ಅದೇ ವರ್ಷ ಟ್ರಸ್ಟಿನವರು ಕೊಂಡುಕೊಂಡರಂತೆ.

"ಯಾರ ಮನೆಯೋ, ಯಾರೋ ಇರುತ್ತಾರೆ, ಮನೆ ಮಾತ್ರ ಉಳಿಯುತ್ತದೆ" ಎಂದು ಇವರು ಹೇಳಿದರು. ಸುಮ್ಮನೆ ಹೇಳಿದ್ದಿರಬಹುದು. ನನಗೆ ಚುಚ್ಚಿತು. ಯಾಕೆ ಚುಚ್ಚಿತೆಂದು ಹೇಳಬೇಕಾದರೆ ಕುಮಟಾಕ್ಕೆ ಹೋಗಬೇಕು.

2016ರಲ್ಲಿ ಆಯಿ ತೀರಿಕೊಂಡ ಮೇಲೆ ತವರುಮನೆಗೆ ಬೀಗ ಬಿತ್ತು. ಅಣ್ಣ ಹುಬ್ಬಳ್ಳಿಯಲ್ಲಿ, ತಮ್ಮ ಮುಂಬಯಿಯಲ್ಲಿ. ಹತ್ತಿರದಲ್ಲಿರುವವಳು ನಾನೇ ಆದ್ದರಿಂದ ಬೀಗದ ಕೈ ನನ್ನ ಹತ್ತಿರ. ವರ್ಷಕ್ಕೆರಡು ಸಲ ಹೋಗಿ, ಬಾಗಿಲು ತೆಗೆದು, ಗುಡಿಸಿ, ದೇವರ ಮುಂದೆ ದೀಪ ಹಚ್ಚಿ, ಅತ್ತು, ಬೀಗ ಹಾಕಿ ಬರುತ್ತಿದ್ದೆ. ಎರಡು ವರ್ಷದಿಂದ ಒಬ್ಬ ದಲ್ಲಾಳಿ ಅಣ್ಣನ ಬೆನ್ನು ಹತ್ತಿದ್ದ. ಮನೆ ಕೆಡವಿ ರೆಸಾರ್ಟ್ ಮಾಡುವವರಿದ್ದಾರೆ, ಒಳ್ಳೆಯ ಬೆಲೆ ಎಂದು. ಅಣ್ಣನಿಗೆ ಮಾರುವ ಮನಸ್ಸು, ತಮ್ಮ ಯಾವುದಕ್ಕೂ ಹೂಂ ಎನ್ನುವವನು. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು ಬಂದದ್ದರಿಂದ ನನ್ನ ಸಹಿಯೂ ಬೇಕು. ನಾನು ಹಾಕುತ್ತಿರಲಿಲ್ಲ. ಊರವರ ಮುಂದೆ, ಅತ್ತಿಗೆಯ ಮುಂದೆ, ಮನೆ ಉಳಿಸುತ್ತಿರುವವಳು ನಾನು ಎಂದು ಸ್ವಲ್ಪ ಜಂಬವೂ ಇತ್ತು.

ಆದರೆ ಒಂದು ಸಂಗತಿ ಯಾರಿಗೂ ಹೇಳಿರಲಿಲ್ಲ. 2019ರಲ್ಲಿ ಅಲ್ಲಿಯ ಹೈಸ್ಕೂಲಿನ ಮಾಸ್ತರರೊಬ್ಬರು ಹೆಂಡತಿಯನ್ನು ಕರೆದುಕೊಂಡು ಶಿರಸಿಗೇ ಬಂದಿದ್ದರು. "ಅಕ್ಕ, ಮನೆ ಖಾಲಿ ಇದೆಯಲ್ಲ, ನಮಗೆ ಬಾಡಿಗೆಗೆ ಕೊಡಿ. ಚೆನ್ನಾಗಿ ನೋಡಿಕೊಳ್ಳುತ್ತೇವೆ" ಎಂದು ಕೇಳಿದರು. ಸಭ್ಯರು. ಆಕೆ ಸಣ್ಣ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಚಹಾ ಕೊಟ್ಟೆ, ಉಪಚಾರ ಮಾಡಿದೆ, ಅಣ್ಣಂದಿರನ್ನು ಕೇಳಿ ಹೇಳುತ್ತೇನೆ ಎಂದೆ. ಕೇಳಲೇ ಇಲ್ಲ. ಆಯಿ ಅಡಿಗೆ ಮಾಡಿದ ಒಲೆಯ ಮುಂದೆ ಬೇರೆ ಯಾರೋ ಹೆಂಗಸು ನಿಲ್ಲುವುದನ್ನು ಯೋಚಿಸಿದರೇ ಹೊಟ್ಟೆಯೊಳಗೆ ಏನೋ ಆಗುತ್ತಿತ್ತು. ತಿಂಗಳ ಮೇಲೆ, ಅಣ್ಣನಿಗೆ ಮನಸ್ಸಿಲ್ಲ ಎಂದು ಹೇಳಿ ಕಳಿಸಿದೆ. ಪಾಪ, ಅಣ್ಣನಿಗೆ ಗೊತ್ತೇ ಇಲ್ಲ.

ವೆಲ್‌ಫ್ಲೀಟಿನಲ್ಲಿ ಮೂರನೆಯ ದಿನ ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಶಿರಸಿಯಿಂದ ಒಯ್ದ ಸಾಸಿವೆ, ಇಂಗು. ಸಾಸಿವೆ ಸಿಡಿಯಿತು, ಇಂಗಿನ ವಾಸನೆ ಹಲಗೆ ಗೋಡೆಗೆಲ್ಲ ಹಿಡಿಯಿತು. ಆಗ ಥಟ್ಟನೆ ಹೊಳೆಯಿತು: ನಾನು ನಿಂತದ್ದು ರೂತ್ ಹ್ಯಾಚ್ ಎಂಬ ಹೆಂಗಸಿನ ಅಡಿಗೆಮನೆ. ಆಕೆ ಇಲ್ಲಿ ಎಷ್ಟೋ ಬೇಸಿಗೆ ನಿಂತು ಅಡಿಗೆ ಮಾಡಿದ್ದಾಳೆ, ಈ ಕಿಟಕಿಯಿಂದ ಇದೇ ಕೊಲ್ಲಿಯನ್ನು ನೋಡಿದ್ದಾಳೆ. ಈಗ ನಾನು, ಎಲ್ಲಿಯವಳೋ, ಆಕೆಯ ಮನೆಗೆ ಇಂಗಿನ ವಾಸನೆ ಹಿಡಿಸುತ್ತಿದ್ದೇನೆ. ಮುಂದಿನ ವಾರ ಬರುವವರು ಮೂಗು ಮುಚ್ಚಿಕೊಳ್ಳುತ್ತಾರೋ ಏನೋ. ಆ ಮಾಸ್ತರರ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಸೌಟು ಹಿಡಿದುಕೊಂಡು ಸುಮಾರು ಹೊತ್ತು ಹಾಗೇ ನಿಂತಿದ್ದೆ. ಸಾರು ಉಕ್ಕಿತು. ಆ ಒಲೆ ಒರೆಸಿದಷ್ಟು ಜತನದಿಂದ ನನ್ನ ಒಲೆಯನ್ನೂ ಎಂದೂ ಒರೆಸಿರಲಿಲ್ಲ.

ಅದೇ ದಿನ ಸಂಜೆ ಊರಿನಿಂದ ಸುದ್ದಿ ಬಂತು. ಮನೆಯೊಳಗೆ ಫೋನಿಗೆ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ, ಮರಳಿನ ದಾರಿಯಲ್ಲಿ ದಿಬ್ಬ ಹತ್ತಬೇಕು. ಹತ್ತಿದರೆ ಪಕ್ಕದ ಮನೆಯವರ ನಾಲ್ಕು ಸಂದೇಶ ಒಟ್ಟಿಗೆ ಬಂದವು. ಗಾಳಿಮಳೆಗೆ ತೆಂಗಿನ ಮರದ ತಲೆಯೇ ಮುರಿದು ಮಾಡಿನ ಮೇಲೆ ಬಿದ್ದಿದೆ, ಹಂಚು ಒಡೆದಿದೆ, ದೇವರ ಕೋಣೆಗೆ ನೀರು ಇಳಿಯುತ್ತಿದೆ, ಬೀಗದ ಕೈ ಎಲ್ಲಿದೆ? ಬೀಗದ ಕೈ ಶಿರಸಿಯ ಕಪಾಟಿನೊಳಗೆ. ಕಪಾಟಿನ ಕೈ ನನ್ನ ವ್ಯಾನಿಟಿ ಬ್ಯಾಗಿನಲ್ಲಿ, ಅಟ್ಲಾಂಟಿಕ್ ದಂಡೆಯಲ್ಲಿ.

ಅಣ್ಣನಿಗೆ ಫೋನು ಮಾಡಿದೆ. ಅಲ್ಲಿ ಬೆಳಗಿನ ಜಾವ.

"ಬೀಗ ಒಡೆಸಲಿಕ್ಕೆ ಹೇಳುತ್ತೇನೆ. ಮತ್ತೆಂತ ಮಾಡುವುದು?" ಎಂದ. ಸ್ವಲ್ಪ ಸುಮ್ಮನಿದ್ದು, "ನೋಡೆ, ನಾನು ಮಾರೋಣ ಎಂದದ್ದು ದುಡ್ಡಿಗಾಗಿ ಅಂತ ನೀ ತಿಳಿದಿದ್ದೀ. ಆ ಮನೆ ಹೀಗೆ ಇಂಚಿಂಚು ಸಾಯುವುದನ್ನು ನನಗೆ ನೋಡಲಿಕ್ಕಾಗುವುದಿಲ್ಲ" ಎಂದ.

ಎಂಟು ವರ್ಷದಲ್ಲಿ ಅಣ್ಣ ಅಷ್ಟು ಮಾತು ಆಡಿದ್ದು ಅದೇ ಮೊದಲು. ಮಾಸ್ತರರ ವಿಷಯ ಅವನಿಗೆ ಆಗಲೇ ಹೇಳಿಬಿಟ್ಟೆ. ಅತ್ತ ಕಡೆ ಬಹಳ ಹೊತ್ತು ಮಾತಿಲ್ಲ. ಲೈನು ಕಡಿಯಿತೇನೋ ಎಂದುಕೊಂಡೆ. "ನನ್ನ ಹೆಸರು ಹೇಳಿದೆಯಾ?" ಎಂದ ಕೊನೆಗೆ. ಹೌದೆಂದೆ. "ಒಳ್ಳೆ ಕೆಲಸ ಮಾಡಿದೆ" ಎಂದು ಫೋನಿಟ್ಟ.

ದಿಬ್ಬದಿಂದ ಇಳಿದು ಬಂದಾಗ ಎಲ್ಲರೂ ಕೊಲ್ಲಿಯ ದಂಡೆಯಲ್ಲಿದ್ದರು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸೂರ್ಯ ಸಮುದ್ರದಿಂದ ಹುಟ್ಟಬೇಕು. ಆದರೆ ಈ ಮಡಿಸಿದ ತೋಳಿನ ಒಳಮೈಯಲ್ಲಿ ಕೇಪ್ ಕಾಡ್ ಕೊಲ್ಲಿ ಪಶ್ಚಿಮಕ್ಕಿದೆ. ಕುಮಟಾದ ಹಾಗೆಯೇ ಸೂರ್ಯ ನೀರಿನಲ್ಲಿ ಮುಳುಗುತ್ತಾನೆ, ಅದೂ ರಾತ್ರಿ ಎಂಟು ಗಂಟೆ ಕಳೆದ ಮೇಲೆ. ಅಲ್ಲಿ ಭರತ ಇಳಿತಕ್ಕೆ ನೀರು ಹತ್ತು ಅಡಿಯಷ್ಟು ಏರಿಳಿಯುತ್ತದಂತೆ. ಇಳಿತದಲ್ಲಿ ಸಮುದ್ರ ದೂರ ದೂರಕ್ಕೆ ಸರಿದು ಒದ್ದೆ ಮರಳು ಹೊಳೆಯುತ್ತಿತ್ತು. ಊರಿನವರು ಬುಟ್ಟಿ ಹಿಡಿದು ಸಿಂಪಿ ಆರಿಸುತ್ತಿದ್ದರು. ವೆಲ್‌ಫ್ಲೀಟ್ ಸಿಂಪಿಗೆ ಹೆಸರುವಾಸಿ. ಅಘನಾಶಿನಿಯ ಅಳಿವೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಬಳಚು ಹೆಕ್ಕುವ ಹೆಂಗಸರ ನೆನಪಾಯಿತು. ಮೊಮ್ಮಗಳು ಕುದುರೆ ಲಾಳದ ಆಕಾರದ, ಉದ್ದ ಬಾಲದ ಏಡಿಯಂಥ ಪ್ರಾಣಿಯೊಂದರ ಖಾಲಿ ಚಿಪ್ಪು ಹಿಡಿದು ಓಡಿ ಬಂದಳು. "ಅಜ್ಜಿ, ಇದು ದೊಡ್ಡದಾದ ಹಾಗೆ ಹಳೆ ಚಿಪ್ಪು ಬಿಟ್ಟು ಹೋಗುತ್ತದೆ" ಎಂದಳು. ಅದನ್ನು ಶಿರಸಿಗೆ ಒಯ್ಯಬೇಕೆಂದು ಹಟ. ಸೂಟ್‌ಕೇಸಿನಲ್ಲಿ ವಾಸನೆ ಬರುತ್ತದೆಂದು ನಾನು ಬಿಡಲಿಲ್ಲ.

ಮಗಳಿಗೆ ಎಲ್ಲವನ್ನೂ ಹೇಳಿದೆ. "ನೀನು ಅಜ್ಜಿ ಮನೆಗೆ ನನ್ನನ್ನೇ ಮಲಗಲು ಬಿಡಲಿಲ್ಲ, ಆಯಿ" ಎಂದಳು. ನಿಜ. ಎರಡು ವರ್ಷದ ಹಿಂದೆ ಬಂದಾಗ ಮಗುವಿನ ಜೊತೆ ನಾಲ್ಕು ದಿನ ಅಲ್ಲೇ ಇರುತ್ತೇನೆಂದಿದ್ದಳು. ಹಾಸಿಗೆಯಿಲ್ಲ, ಹಾವಿನ ಭಯ, ಬಾವಿಯ ನೀರು ಕಲಗಿದೆ ಎಂದೆಲ್ಲ ಹೇಳಿ ತಪ್ಪಿಸಿದ್ದೆ. ಅವಳು ಇಷ್ಟು ದೂರದಲ್ಲಿ ದುಡ್ಡು ಕೊಟ್ಟು ಸಮುದ್ರದ ಮನೆ ಹಿಡಿದದ್ದು ಯಾಕೆಂದು ಆಗ ಅರ್ಥವಾಯಿತು. ಅವಳು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊರಡುವ ದಿನ ಮನೆಯಲ್ಲಿದ್ದ ಅತಿಥಿಗಳ ಪುಸ್ತಕದಲ್ಲಿ ಎಲ್ಲರೂ ಎರಡೆರಡು ಸಾಲು ಬರೆದರು. ನಾನು ಕನ್ನಡದಲ್ಲಿ ಬರೆದೆ. ಇಂಗಿನ ವಾಸನೆಗೆ ಕ್ಷಮಿಸಿ ಎಂದು. ಓದುವವರು ಯಾರು? ಇವರು ಕೊನೆಯ ಸಲ ತಟ್ಟಿಗಳನ್ನೆಲ್ಲ ಇಳಿಸಿ, ಒಂದೊಂದನ್ನೂ ಎರಡು ಸಲ ಅಲ್ಲಾಡಿಸಿ ನೋಡಿದರು.

ಆಗಸ್ಟಿನಲ್ಲಿ ಊರಿಗೆ ಬಂದವಳು ನೇರ ಕುಮಟಾಕ್ಕೆ ಹೋದೆ. ಅಣ್ಣನೂ ಬಂದಿದ್ದ. ಒಡೆದ ಹಂಚಿನ ಮೇಲೆ ನೀಲಿ ತಾಡಪಾಲು ಹೊದಿಸಿದ್ದರು. ದೇವರ ಕೋಣೆಯ ಗೋಡೆ ಅರ್ಧದವರೆಗೆ ಹಸಿರು. ಪತ್ರಾಸು ತೆಗೆದು ನೋಡಿದರೆ ಆಯಿಯ ಎರಡು ಸೀರೆಗಳಿಗೆ ಗೆದ್ದಲು ಹಿಡಿದಿತ್ತು, ಎಂಟು ವರ್ಷ ನಾನು ಮುಟ್ಟದೆ ಕಾಪಾಡಿದ್ದು. ಅವನ್ನು ಹಿತ್ತಿಲಿನಲ್ಲಿ ಸುಟ್ಟೆವು. ಅಣ್ಣ, ನಾನು ಮಾತಾಡಿಕೊಂಡದ್ದು ಇಷ್ಟೇ: ಎರಡು ಮಳೆಗಾಲ ನೋಡುವುದು. ಬಾಡಿಗೆಯಿಂದ ಮನೆ ನಿಂತರೆ ಸರಿ, ಇಲ್ಲದಿದ್ದರೆ ನಾನು ಸಹಿ ಹಾಕುವುದು. ರಿಪೇರಿಗೆ ಆದ ಖರ್ಚು ಹನ್ನೊಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಎಂದು ಅವನು ಆಗಲೇ ಲೆಕ್ಕ ತೆಗೆದು ತೋರಿಸಿದ್ದಾನೆ. ದಲ್ಲಾಳಿಯ ಫೋನು ಈಗಲೂ ಬರುತ್ತದೆ.

ಆ ಮಾಸ್ತರರನ್ನು ವಿಚಾರಿಸಿದೆ. ಅವರು ಅಷ್ಟರಲ್ಲಿ ಹೊನ್ನಾವರದ ಕಡೆ ಸ್ವಂತ ಮನೆ ಕಟ್ಟಿಕೊಂಡಿದ್ದರು. ಬಂದವರು ವಿಜಯಪುರ ಕಡೆಯಿಂದ ವರ್ಗವಾದ ಬ್ಯಾಂಕಿನ ಗುಮಾಸ್ತರು, ಅವರ ಹೆಂಡತಿ, ಅತ್ತೆ. ಆ ಅತ್ತೆ ಜನ್ಮದಲ್ಲಿ ಸಮುದ್ರ ಕಂಡವರಲ್ಲ. ಮೊದಲ ರಾತ್ರಿ ಅಲೆಯ ಸದ್ದಿಗೆ ನಿದ್ದೆ ಬರಲಿಲ್ಲವಂತೆ. ಬೀಗದ ಕೈ ಕೊಟ್ಟು ಹೊರಡುವಾಗ ಸೊಸೆ ಹಿಂದೆಯೇ ಬಂದು ಸಂಕೋಚದಿಂದ ಕೇಳಿದಳು.

"ಅಕ್ಕಾರ, ಹಿತ್ತಲದಾಗ ಒಂದು ಒರಳಕಲ್ಲು ಐತಲ್ರಿ, ಅದನ್ನ ಬಳಸಬಹುದೇನ್ರಿ?"

ಆಯಿ ಮದುವೆಯಾಗಿ ಬಂದ ವರ್ಷ ತರಿಸಿದ ಕಲ್ಲು ಅದು. ಸ್ವಲ್ಪ ಹೊತ್ತು ನನಗೆ ಮಾತೇ ಹೊರಡಲಿಲ್ಲ.

"ಬಳಸಿ. ಮೊದಲು ಎರಡು ಸಲ ಅಕ್ಕಿ ಅರೆದು ಚೆಲ್ಲಿ, ಬಹಳ ದಿನವಾಯಿತು, ಮರಳು ಬಂದೀತು" ಎಂದೆ.